ಕೋಟೆ ಒಳಗೆ ರೊಟ್ಟಿ ಊಟ: ಒಲೆ ಎಲ್ಲಿ ಹಚ್ಚೋದು?

ವೀಕ್ಷಕರೇ, ಒಂದು ಕ್ಷಣ ಕಲ್ಪನೆ ಮಾಡಿಕೊಳ್ಳಿ. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ವನದುರ್ಗ. ಸುರಪುರ ನಾಯಕರ ಕಾಲದ ಕಲ್ಲಿನ ಕೋಟೆ. ಸಂಜೆ ಆರೂವರೆ. ಕೊತ್ತಲದ ಮೇಲೆ ಹಳದಿ ದೀಪ, ಕೆಳಗೆ ಇಪ್ಪತ್ತು ಟೇಬಲ್ಲು, ತಟ್ಟೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಚಟ್ನಿ. ಬೆಂಗಳೂರಿನಿಂದ, ಹೈದರಾಬಾದಿನಿಂದ ಕಾರುಗಳು ಬಂದು ನಿಂತಿವೆ. ಊರಿಗೆ ಕೆಲಸ, ಕೋಟೆಗೆ ದುಡ್ಡು, ಫೋಟೋಗೆ ಲೈಕು. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ?

ಪ್ರವಾಸೋದ್ಯಮದ ಬಗ್ಗೆ ಎಲ್ಲೇ ಚರ್ಚೆ ನಡೀಲಿ, ಐದು ನಿಮಿಷದಲ್ಲಿ ಈ ಐಡಿಯಾ ಬಂದೇ ಬರುತ್ತೆ. ಸ್ಮಾರಕದ ಒಳಗೇ ಒಂದು ರೆಸ್ಟೋರೆಂಟ್ ಹಾಕಿ, ತಾನಾಗೇ ಬದುಕುತ್ತೆ ಅಂತಾರೆ. ಇದಕ್ಕೆ ಎದುರಾಗಿ ಇನ್ನೊಂದು ಗುಂಪು: ಸ್ಮಾರಕ ಅಂದ್ರೆ ಸ್ಮಾರಕ, ಅಲ್ಲಿ ಒಂದು ಬಿಸ್ಕತ್ತೂ ತಿನ್ನಬಾರದು. ನನ್ನ ಮಾತು ಎರಡಕ್ಕೂ ಪೂರ್ತಿ ಒಪ್ಪೋದಿಲ್ಲ. ಊಟ ಬೇಕು. ಒಲೆ ಮಾತ್ರ ಒಳಗೆ ಬೇಡ. ಯಾಕೆ ಅಂತ ಹೇಳ್ತೀನಿ.

ಮೊದಲು ವನದುರ್ಗದ ಹೆಸರನ್ನೇ ನೋಡಿ. ನಮ್ಮ ಹಳೆಯ ರಾಜನೀತಿ ಗ್ರಂಥಗಳಲ್ಲಿ ಕೋಟೆಗಳಿಗೆ ವರ್ಗೀಕರಣ ಇದೆ. ನೀರು ಕಾಯೋದು ಜಲದುರ್ಗ, ಬೆಟ್ಟ ಕಾಯೋದು ಗಿರಿದುರ್ಗ, ಕಾಡು ಕಾಯೋದು ವನದುರ್ಗ. ಅಂದ್ರೆ ಇಲ್ಲಿ ಮೊದಲ ಗೋಡೆ ಮರಗಳದ್ದು, ಕಲ್ಲಿನ ಗೋಡೆ ಆಮೇಲೆ. ಇವತ್ತು ಈ ಭಾಗದಲ್ಲಿ ಆ ಕಾಡು ಎಲ್ಲಿ? ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದಲ್ಲೆಲ್ಲ ಭತ್ತ, ಇಲ್ಲದಲ್ಲಿ ಹತ್ತಿ, ತೊಗರಿ. ಹೆಸರಿನಲ್ಲಿ ವನ ಇದೆ, ಕಣ್ಣೆದುರು ಹೊಲ ಇದೆ.

ಈ ಸೀಮೆಯ ನಾಯಕರು ಸಾಮಾನ್ಯರಲ್ಲ. ಔರಂಗಜೇಬ ತನ್ನ ಜೀವನದಲ್ಲಿ ಖುದ್ದಾಗಿ ನಿಂತು ನಡೆಸಿದ ಕೊನೆಯ ಮುತ್ತಿಗೆ ಯಾವುದು ಗೊತ್ತಾ? 1705ರಲ್ಲಿ, ಇದೇ ಸುರಪುರ ಸೀಮೆಯ ವಾಗಿನಗೇರಾ ಕೋಟೆಯದ್ದು. ಆಗ ಬಾದಶಹನ ವಯಸ್ಸು 86. ತಿಂಗಳುಗಟ್ಟಲೆ ಫಿರಂಗಿ ಹಾರಿಸಿ ಕೊನೆಗೆ ಕೋಟೆ ಸಿಕ್ಕಿತು, ನಾಯಕ ಮಾತ್ರ ಸಿಗಲಿಲ್ಲ. ಪಿಡ್ಡ ನಾಯಕ ಅಷ್ಟರಲ್ಲಿ ತಪ್ಪಿಸಿಕೊಂಡು ಹೋಗಿದ್ದ. ದೆಹಲಿಯ ಕೆಂಪುಕೋಟೆಯ ಕಥೆ ಶಾಲೆಯ ಪುಸ್ತಕದಲ್ಲಿ ಓದಿದ ನಾವು ಈ ಕಥೆ ಓದಿರೋದಿಲ್ಲ. ಅದು ಬೇರೆ ಸಂಕಟ, ಬಿಡಿ.

ಕೋಟೆಗೂ ಊಟಕ್ಕೂ ಸಂಬಂಧ ಇಲ್ಲ ಅನ್ನೋರಿಗೆ ಇಲ್ಲೇ ಉತ್ತರ ಇದೆ. ಮುತ್ತಿಗೆ ಅಂದ್ರೇನೇ ಊಟದ ಲೆಕ್ಕ. ಒಳಗಿನ ಕಣಜದಲ್ಲಿ ಜೋಳ ಎಷ್ಟು ದಿನಕ್ಕಿದೆ, ಬಾವಿಯಲ್ಲಿ ನೀರು ಎಷ್ಟು ದಿನಕ್ಕಿದೆ, ಹೊರಗೆ ಕೂತವನ ಹತ್ತಿರ ಎಷ್ಟು ದಿನಕ್ಕಿದೆ. ಕೋಟೆಗಳು ಫಿರಂಗಿಗೆ ಬಿದ್ದಷ್ಟೇ ಹಸಿವಿಗೂ ಬಿದ್ದಿವೆ. ಹಾಗಾಗಿ ಕೋಟೆಯೊಳಗೆ ಜನ ಉಣ್ಣೋದು ಅಪಚಾರ ಏನಲ್ಲ, ಅದು ಕಟ್ಟಿದ್ದೇ ಅದಕ್ಕೆ. ಆದರೆ ಒಂದು ವ್ಯತ್ಯಾಸ ಇದೆ. ಆಗ ಅಲ್ಲಿ ವಾಸ ಇದ್ದವರೇ ಪ್ರತಿ ಮಳೆಗಾಲದ ನಂತರ ಗೋಡೆಗೆ ಗಾರೆ ಹಚ್ಚುತ್ತಿದ್ದರು, ಬಿರುಕಲ್ಲಿ ಮೊಳೆತ ಅರಳಿ ಗಿಡ ಕೀಳುತ್ತಿದ್ದರು. ಇವತ್ತು ಗುತ್ತಿಗೆ ಹಿಡಿದು ಹೋಟೆಲ್ ನಡೆಸೋನಿಗೆ ಗಲ್ಲಾಪೆಟ್ಟಿಗೆ ಕಾಣುತ್ತೆ, ಅರಳಿ ಗಿಡ ಕಾಣೋದಿಲ್ಲ.

ಈಗ ಹೊರಗಿನ ಉದಾಹರಣೆ ಕೊಡೋರಿದ್ದಾರೆ. ಐಫೆಲ್ ಟವರ್‌ನಲ್ಲಿ ರೆಸ್ಟೋರೆಂಟ್ ಇಲ್ವಾ? ಇದೆ. ಟವರ್ ಶುರುವಾದ 1889ರಿಂದಲೂ ಅಲ್ಲಿ ಊಟ ಸಿಗುತ್ತೆ. 1983ರಲ್ಲಿ ಶುರುವಾದ ಲೆ ಜೂಲ್ ವೆರ್ನ್ ನೆಲದಿಂದ ಸುಮಾರು 125 ಮೀಟರ್ ಎತ್ತರದಲ್ಲಿದೆ, ಅದಕ್ಕೆ ಪ್ರತ್ಯೇಕ ಲಿಫ್ಟು. ಆದರೆ ಅದೇ ಹೊತ್ತಿನಲ್ಲಿ ಇನ್ನೊಂದು ಕೆಲಸ ನಡೆಯಿತು, ಅದನ್ನು ಯಾರೂ ಹೇಳೋದಿಲ್ಲ. 1980ರ ದಶಕದ ಆರಂಭದ ದುರಸ್ತಿಯಲ್ಲಿ ಟವರ್ ಮೇಲಿನ ಭಾರ ಇಳಿಸಬೇಕಾಗಿ ಬಂದು, ಅಲ್ಲಿದ್ದ ಹಳೆಯ ರೆಸ್ಟೋರೆಂಟ್ ಒಂದನ್ನು ಪೂರ್ತಿ ಬಿಚ್ಚಿದರು. ಸುಮಾರು 11,000 ತುಂಡು. ಅವು ಹಡಗು ಹತ್ತಿ ಅಮೆರಿಕದ ನ್ಯೂ ಆರ್ಲಿಯನ್ಸ್‌ಗೆ ಹೋಗಿ, ಅಲ್ಲಿ ಮತ್ತೆ ಜೋಡಣೆಯಾದವು. ಲೆಕ್ಕ ಹಾಕಿ ಕಟ್ಟಿದ ಉಕ್ಕಿನಂಥ ಕಬ್ಬಿಣದ ಗೋಪುರಕ್ಕೇ ಒಂದು ಅಡುಗೆ ಮನೆ ಭಾರ ಆಗುತ್ತೆ ಅಂದ್ರೆ, ಲೆಕ್ಕದ ಕಾಗದವೇ ಇಲ್ಲದ ನಮ್ಮ ಕೋಟೆ ಗೋಡೆಗಳ ಗತಿ ಏನು?

ನಮ್ಮಲ್ಲೇ ಇರೋ ಉದಾಹರಣೆ ಮೈಸೂರಿನ ಲಲಿತ ಮಹಲ್. 1921ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ್ದು, ಇ. ಡಬ್ಲ್ಯು. ಫ್ರಿಚ್ಲಿ ವಿನ್ಯಾಸ ಮಾಡಿದ್ದು. 1974ರಲ್ಲಿ ಹೋಟೆಲ್ ಆಯಿತು. ಬಣ್ಣದ ಗಾಜಿನ ಛಾವಣಿಯ ಕೆಳಗೆ ಕೂತು ಊಟ ಮಾಡಬಹುದು. ಅಲ್ಲಿ ಆಗುತ್ತೆ, ಇಲ್ಲಿ ಯಾಕಾಗಲ್ಲ? ಉತ್ತರ ಸುಲಭ. ಲಲಿತ ಮಹಲ್ ಹುಟ್ಟಿದ್ದೇ ಅತಿಥಿಗಳಿಗಾಗಿ. ವೈಸರಾಯ್ ಬಂದಾಗ ಉಳಿಯೋಕೆ, ಉಣ್ಣೋಕೆ ಅಂತಲೇ ಕಟ್ಟಿದ ಮನೆ. ನೀರು ಎಲ್ಲಿಂದ ಬರಬೇಕು, ಕೊಳೆ ಎಲ್ಲಿ ಹೋಗಬೇಕು ಅಂತ ಮೊದಲ ದಿನವೇ ಯೋಚಿಸಿ ಕಟ್ಟಿದ್ದು. ವನದುರ್ಗ ಕಟ್ಟಿದ್ದು ಶತ್ರು ಬಂದರೆ ಒಳಗೆ ಬಿಡದೇ ಇರೋಕೆ. ಎರಡೂ ಒಂದೇ ಕೆಲಸ ಮಾಡಲ್ಲ.

ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಈ ಭಾಗ ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಸರ ಮಾಡಿಕೊಳ್ಳಬೇಡಿ. ನೀವು ಟೇಬಲ್ಲು, ಕುರ್ಚಿ, ದೀಪ ನೋಡ್ತೀರಿ. ಅವು ಕೋಟೆಗೆ ಏನೂ ಮಾಡಲ್ಲ. ಅಪಾಯ ಇರೋದು ಪರದೆ ಹಿಂದಿನ ಅಡುಗೆ ಮನೆಯಲ್ಲಿ. ಸಾವಿರ ಲೀಟರಿನ ಒಂದು ನೀರಿನ ಟ್ಯಾಂಕ್ ತುಂಬಿದರೆ ನೀರೇ ಒಂದು ಟನ್. ಅದನ್ನು ನೆಲದ ಮೇಲೆ ಇಟ್ಟರೆ ಒತ್ತಡದಲ್ಲಿ ನೀರು ಬರಲ್ಲ, ಎತ್ತರದಲ್ಲೇ ಇಡಬೇಕು. ಕೋಟೆಯಲ್ಲಿ ಎತ್ತರ ಅಂದ್ರೆ ಎಲ್ಲಿ? ಗೋಡೆ, ಇಲ್ಲಾಂದ್ರೆ ಕೊತ್ತಲ. ಪೈಪ್ ಎಳೆಯೋಕೆ ಕಲ್ಲು ಕೊರೀಬೇಕು. ಪಾತ್ರೆ ತೊಳೆದ ಜಿಡ್ಡು ನೀರು ಹೋಗೋಕೆ ಚರಂಡಿ ತೋಡಬೇಕು. ತೋಡದಿದ್ದರೆ ಅದು ಗೋಡೆಯ ಬುಡಕ್ಕೇ ಇಂಗುತ್ತೆ.

ಇಂಗಿದರೆ ಏನಾಗುತ್ತೆ? ಹಳೆಯ ಗೋಡೆಗಳಲ್ಲಿ ಕಲ್ಲುಗಳ ನಡುವೆ ಇರೋದು ಸುಣ್ಣದ ಗಾರೆ ಅಥವಾ ಮಣ್ಣು. ಸುಣ್ಣದ ಗಾರೆ ಉಸಿರಾಡುತ್ತೆ, ತೇವ ಹೀರಿಕೊಳ್ಳುತ್ತೆ, ಹೊರಗೆ ಬಿಡುತ್ತೆ. ಬುಡದಲ್ಲಿ ದಿನಾ ನೀರು ನಿಂತರೆ ತೇವ ಗೋಡೆಯೊಳಗೆ ಮೇಲೇರುತ್ತೆ, ಜೊತೆಗೆ ಮಣ್ಣಿನ ಉಪ್ಪನ್ನೂ ಎತ್ತಿಕೊಂಡು ಹೋಗುತ್ತೆ. ನಮ್ಮ ಯಾದಗಿರಿಯ ಬಿಸಿಲು ನಿಮಗೆ ಗೊತ್ತಲ್ಲ. ನೀರು ಆರುತ್ತೆ, ಉಪ್ಪು ಉಳಿಯುತ್ತೆ, ಹರಳುಗಟ್ಟುತ್ತೆ, ಹಿಗ್ಗುತ್ತೆ. ಮೇಲ್ಮೈ ಪುಡಿಪುಡಿಯಾಗಿ ಉದುರುತ್ತೆ. ಆಗ ಗುತ್ತಿಗೆದಾರ ಏನು ಮಾಡ್ತಾನೆ? ಒಂದು ಚೀಲ ಸಿಮೆಂಟ್ ತರಿಸಿ ಬಳೀತಾನೆ. ಸಿಮೆಂಟ್ ಉಸಿರಾಡಲ್ಲ. ತೇವ ಒಳಗೇ ಸಿಕ್ಕಿಬೀಳುತ್ತೆ, ಇನ್ನೂ ಮೇಲಕ್ಕೆ ಏರುತ್ತೆ, ಹಳೆಯ ಗಾರೆಯನ್ನು ಒಳಗಿನಿಂದ ತಿನ್ನುತ್ತೆ. ಒಂದು ಅಡಿ ಇದ್ದ ಹಾನಿ ನಾಲ್ಕು ಅಡಿ ಆಗುತ್ತೆ. ಇದರ ಮೇಲೆ ಒಗ್ಗರಣೆ ಹೊಗೆಯ ಜಿಡ್ಡು, ಆ ಜಿಡ್ಡಿಗೆ ಅಂಟೋ ಧೂಳು. 19 ಕೆಜಿಯ ಗ್ಯಾಸ್ ಸಿಲಿಂಡರುಗಳನ್ನು ಸಾಲಾಗಿ ಇಟ್ಟು, ಶತ್ರು ಒಟ್ಟಿಗೆ ನುಗ್ಗಬಾರದು ಅಂತ ಇಕ್ಕಟ್ಟಾಗಿ ಕಟ್ಟಿದ ಬಾಗಿಲಿನಿಂದ ಇನ್ನೂರು ಜನ ಒಟ್ಟಿಗೆ ಹೊರಗೆ ಓಡಬೇಕಾದ ಪರಿಸ್ಥಿತಿ ಬಂದರೆ ಏನು ಕಥೆ, ನೀವೇ ಯೋಚಿಸಿ.

ಕಾನೂನು ಏನು ಹೇಳುತ್ತೆ? ಕೇಂದ್ರದ ರಕ್ಷಣೆಯಲ್ಲಿರೋ ಸ್ಮಾರಕಗಳಿಗೆ 1958ರ ಕಾಯ್ದೆ, 1959ರ ನಿಯಮಾವಳಿ ಇದೆ. ಸ್ಮಾರಕದ ಒಳಗೆ ಅಡುಗೆ ಮಾಡೋದು, ತಿನ್ನೋದು ನಿಷಿದ್ಧ, ಅದಕ್ಕಂತಲೇ ಅನುಮತಿ ಕೊಟ್ಟ ಜಾಗ ಬಿಟ್ಟು. ಆ ಕೊನೆಯ ಮಾತು ಗಮನಿಸಿ. ಬಾಗಿಲು ಪೂರ್ತಿ ಮುಚ್ಚಿಲ್ಲ. 2010ರ ತಿದ್ದುಪಡಿ ಪ್ರಕಾರ ಸುತ್ತಲ 100 ಮೀಟರಿನಲ್ಲಿ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ 200 ಮೀಟರಿಗೆ ಅನುಮತಿ ಬೇಕು. ರಾಜ್ಯದ ರಕ್ಷಣೆಯ ಸ್ಮಾರಕಗಳಿಗೆ ನಮ್ಮದೇ 1961ರ ಕಾಯ್ದೆ. ಯಾವ ಪಟ್ಟಿಗೂ ಸೇರದ ಕೋಟೆಗಳು ಸಾಕಷ್ಟಿವೆ, ಅಲ್ಲಿ ಹೇಳೋರು ಕೇಳೋರು ಇಲ್ಲ. 2017ರಲ್ಲಿ ಕೇಂದ್ರ ಸರ್ಕಾರ ಸ್ಮಾರಕ ದತ್ತು ಯೋಜನೆ ತಂತು, 2018ರಲ್ಲಿ ದಾಲ್ಮಿಯಾ ಭಾರತ್ ಕಂಪನಿ ಐದು ವರ್ಷಕ್ಕೆ 25 ಕೋಟಿ ಅಂತ ಕೆಂಪುಕೋಟೆಯ ಸೌಕರ್ಯಗಳ ಹೊಣೆ ಹೊತ್ತಿತು. ಆಗ ಎಷ್ಟು ಗದ್ದಲ ಆಯಿತು ನೆನಪಿದೆಯಲ್ಲ? ಕೆಂಪುಕೋಟೆಗೆ ಗದ್ದಲ ಮಾಡೋಕಾದರೂ ಜನ ಇದ್ದಾರೆ.

ಇನ್ನು ಒಂದು ಮಾತು, ಇದು ಎಂಜಿನಿಯರಿಂಗ್ ಅಲ್ಲ. ನಮ್ಮ ದೇಶದಲ್ಲಿ ಸ್ಮಾರಕದ ಒಳಗೆ ಊಟ ಯಾರಿಗೆ ಸಿಕ್ಕಿದೆ ಅಂತ ನೋಡಿ. ಹಂಪಿ ಪಕ್ಕದ ಕಮಲಾಪುರದಲ್ಲಿ ಬ್ರಿಟಿಷ್ ಕಾಲದಲ್ಲಿ ಒಂದು ಹಳೆಯ ಶಿವ ದೇವಸ್ಥಾನವನ್ನೇ ಮಾರ್ಪಡಿಸಿ ಬಂಗಲೆ ಮಾಡಿಕೊಂಡರು. ಆಮೇಲೆ ಅದೇ ಪ್ರವಾಸಿ ಬಂಗಲೆ ಆಯಿತು. ಸಾಹೇಬರಿಗೆ ಊಟದ ಟೇಬಲ್ ಬೇಕು ಅಂದಾಗ ಯಾವ ನಿಯಮವೂ ಅಡ್ಡ ಬರಲಿಲ್ಲ.

ಸುರಪುರಕ್ಕೆ ಬನ್ನಿ. ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. ಫಿಲಿಪ್ ಮೆಡೋಸ್ ಟೇಲರ್, 1839ರಲ್ಲಿ ಥಗ್ಗರ ಬಗ್ಗೆ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರಾದವನು, 1841ರಲ್ಲಿ ಸುರಪುರಕ್ಕೆ ಬಂದು 1853ರವರೆಗೆ ಇದ್ದ. ಬಾಲಕ ರಾಜ ವೆಂಕಟಪ್ಪ ನಾಯಕ ಇವನನ್ನು ಅಪ್ಪಾ ಅಂತ ಕರೀತಿದ್ದ. ಅದೇ ಹುಡುಗ ಬೆಳೆದು 1858ರಲ್ಲಿ ಇಂಗ್ಲಿಷರ ವಿರುದ್ಧ ನಿಂತ, ಸೆರೆಯಾದ, ಅದೇ ವರ್ಷ ತೀರಿಕೊಂಡ. ಟೇಲರ್ ಕಟ್ಟಿಸಿದ ಮನೆ ಉಳಿದುಕೊಂಡಿತು. ಯಾಕೆ ಉಳೀತು? ಸರ್ಕಾರಿ ಅತಿಥಿಗೃಹವಾಗಿ ಬಳಕೆಯಲ್ಲಿ ಇತ್ತು, ಹಾಗಾಗಿ ಯಾರೋ ಒಬ್ಬರು ಗುಡಿಸಿದರು, ಹೆಂಚು ಸರಿ ಮಾಡಿದರು, ಸುಣ್ಣ ಬಳಿದರು. ಬಳಕೆಯ ಲಾಭ ಇಲ್ಲಿ ಕಣ್ಣಿಗೆ ಕಾಣುತ್ತೆ. ಆದರೆ ಇಂಥ ಬಂಗಲೆಗಳಲ್ಲಿ ಮೊದಲ ಆದ್ಯತೆ ಅಧಿಕಾರಿಗಳಿಗೆ. ಶಹಾಪುರದ ಮೇಷ್ಟ್ರು ಹೆಂಡತಿ ಮಕ್ಕಳ ಜೊತೆ ಭಾನುವಾರ ಹೋಗಿ ಅಲ್ಲಿ ಒಂದು ಊಟ ಮಾಡಿ ಬರೋ ವ್ಯವಸ್ಥೆ ಬೇಡವಾ?

ಈ ಸೀಮೆಯಲ್ಲಿ ಹಳೆಯ ಕಟ್ಟಡದ ಒಳಗೇ ಊಟ ಬಡಿಸಬೇಕು ಅಂತಿದ್ದರೆ ಜಾಗ ಅದು, ವನದುರ್ಗ ಅಲ್ಲ. ಮನೆಯಾಗಿ ಕಟ್ಟಿದ್ದು, ಊಟದ ಕೋಣೆ ಇರೋದು. ಆ ಕಾಲದ ಬಂಗಲೆಗಳಲ್ಲಿ ಬೆಂಕಿ, ಹೊಗೆಗೆ ಹೆದರಿ ಬಬರ್ಚಿಖಾನೆಯನ್ನು ಮನೆಯಿಂದ ದೂರ, ಬೇರೆಯಾಗಿ ಕಟ್ಟುತ್ತಿದ್ದರು. ಅದೇ ಬುದ್ಧಿ ಈಗಲೂ ಸಾಕು: ಬೇಯಿಸೋದು ದೂರದಲ್ಲಿ, ಬಡಿಸೋದು ಒಳಗೆ.

ವನದುರ್ಗಕ್ಕೆ ಬೇಕಾಗಿರೋದು ರೆಸ್ಟೋರೆಂಟ್ ಅಲ್ಲ, ಖಾನಾವಳಿ. ಉತ್ತರ ಕರ್ನಾಟಕಕ್ಕೆ ಖಾನಾವಳಿ ಏನು ಅಂತ ಹೇಳಿಕೊಡಬೇಕಾಗಿಲ್ಲ. ಮನೆಯ ಪಡಸಾಲೆ, ಮನೆಯವರದ್ದೇ ಅಡುಗೆ, ಬಿಸಿ ರೊಟ್ಟಿ, ಕೇಳಿದಷ್ಟು ಪಲ್ಯ. ಹೊಸ ಕಟ್ಟಡ ಬೇಡ, ನೂರು ಮೀಟರಿನ ತಕರಾರೂ ಇಲ್ಲ, ಯಾಕಂದ್ರೆ ಊರೊಳಗೆ ಈಗಾಗಲೇ ನಿಂತಿರೋ ಮನೆಗಳೇ ಸಾಕು. ಕೋಟೆ ನೋಡಿ, ನಡೆದು ಬಂದು, ಊರಲ್ಲಿ ಉಣ್ಣಿ. ದುಡ್ಡು ಗುತ್ತಿಗೆದಾರನ ಜೇಬಿಗೆ ಹೋಗೋ ಬದಲು ರೊಟ್ಟಿ ಬಡಿದ ಕೈಗೇ ಹೋಗುತ್ತೆ. ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ನಮ್ಮ ಕಡೆ ಖಡಕ್ ರೊಟ್ಟಿ ಮಾಡಿ ಪೇಟೆಗೆ ಕಳಿಸ್ತಿದ್ದಾರೆ. ಪೇಟೆಯೇ ಊರಿಗೆ ಬಂದರೆ ಅವರಿಗೆ ಬಸ್ ಚಾರ್ಜು ಉಳೀತು.

ಇದಕ್ಕೆ ಸರ್ಕಾರ ಕೋಟಿಗಟ್ಟಲೆ ಸುರೀಬೇಕಾಗಿಲ್ಲ. ಶಹಾಪುರ ರಸ್ತೆಯಲ್ಲಿ ದಾರಿ ತೋರಿಸೋ ನಾಲ್ಕು ಬೋರ್ಡು. ಕೋಟೆ ಬಾಗಿಲಲ್ಲಿ ಯಾವ ನಾಯಕರು, ಯಾವ ಕಾಲ, ಏನು ಕಥೆ ಅಂತ ಕನ್ನಡದಲ್ಲಿ ಬರೆದ ಒಂದು ಫಲಕ. ಗೋಡೆ ಮೇಲಿನ ಗಿಡ ಕೀಳೋಕೆ ವರ್ಷಕ್ಕೆರಡು ಸಲ ಕೂಲಿ. ಮತ್ತೆ ಊರೊಳಗೆ, ಖಾನಾವಳಿ ಹತ್ತಿರ, ಬೀಗ ಹಾಕದೇ ಇರೋ, ನೀರು ಬರೋ ಒಂದು ಶೌಚಾಲಯ. ಹೆಣ್ಣುಮಕ್ಕಳನ್ನು ಕರೆದುಕೊಂಡು ಬರೋ ಕುಟುಂಬ ಮೊದಲು ಕೇಳೋದು ಅದನ್ನೇ, ಎಣ್ಣೆಗಾಯಿ ಆಮೇಲೆ.