ಹುಲ್ಲು ಕೊಯ್ಯುವ ಗಾಡಿಗೆ ಕೀಲಿ ತಿರುಗಿಸುವ ಮುನ್ನ

ಪುಣೆಯಿಂದ ನಾಸಿಕದ ಹಾದಿಯಲ್ಲಿರುವ ಚಾಕಣಕ್ಕೆ ನಮ್ಮಂಥ ಕನ್ನಡ ಸಂಸಾರಗಳು ಬಂದು ನೆಲೆಸಿದ್ದು ಬಹುಮಟ್ಟಿಗೆ ಮೋಟಾರು ಕಾರಖಾನೆಗಳ ದೆಸೆಯಿಂದ. ಉಳ್ಳಾಗಡ್ಡಿಯ ಪೇಟೆಗೆ ಮೊದಲಿನಿಂದಲೂ ಹೆಸರಾದ ಈ ಊರಿನ ಹೊಲಗಳ ನಡುವೆ ಈಗ ವಸಾಹತುಗಳು ಎದ್ದಿವೆ. ವಸಾಹತು ಎಂದಮೇಲೆ ಮಕ್ಕಳು ಆಡಲು ಒಂದು ಬಯಲು. ಬಯಲು ಎಂದಮೇಲೆ ಹುಲ್ಲು. ಮಿರಗದ ಮಳೆ ಬಿದ್ದರೆ ಸಾಕು, ನೋಡನೋಡುತ್ತ ಮೊಣಕಾಲೆತ್ತರ ಬೆಳೆಯುತ್ತದೆ. ಅದರೊಳಗೆ ಕೊಳಕುಮಂಡಲ ಹಾವಿನ ಭಯವೂ ಉಂಟು. ಇಲ್ಲಿಯವರು ಅದನ್ನು ಘೋಣಸ ಎನ್ನುತ್ತಾರೆ. ಹೆಗಲಿಗೆ ತೂಗುಹಾಕುವ ಯಂತ್ರದಿಂದ ಮಾಳಿ ಒಂದು ಬದಿ ಮುಗಿಸುವುದರೊಳಗೆ ಇನ್ನೊಂದು ಬದಿ ತಲೆಯೆತ್ತಿರುತ್ತದೆ. ಹೀಗಾಗಿ ನಾವು ಕೆಲವು ಮನೆಯವರು ವಂತಿಗೆ ಕೂಡಿಸಿ, ಮೇಲೆ ಕುಳಿತು ಓಡಿಸುವ ಹುಲ್ಲು ಕೊಯ್ಯುವ ಗಾಡಿಯೊಂದನ್ನು ತರಿಸಿದೆವು.

ಹುಲ್ಲು ಕೊಯ್ಯುವ ಯಂತ್ರ ಹಳೆಯದೇ. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬಾತ, ಗಿರಣಿಯಲ್ಲಿ ಉಣ್ಣೆಬಟ್ಟೆಯ ಮೇಲಿನ ನವಿರನ್ನು ಕತ್ತರಿಸುವ ಯಂತ್ರವನ್ನು ಕಂಡು, ಅದೇ ಉಪಾಯವನ್ನು ನೆಲಕ್ಕಿಳಿಸಿದ. ಅದು ಕೈಯಿಂದ ತಳ್ಳುವ ಸಾಧು ಪ್ರಾಣಿ. ಈಗಿನದು ಅರ್ಧ ಟ್ರ್ಯಾಕ್ಟರು, ಅರ್ಧ ಸ್ಕೂಟರು. ಹೊಟ್ಟೆಯಡಿಯಲ್ಲಿ ಮಾತ್ರ ಕತ್ತಿ.

ಗಾಡಿ ಬಂದ ದಿನ ಹೆಣ್ಣುಮಕ್ಕಳು ಆರತಿ ತಂದರು, ಚಕ್ರದಡಿ ನಿಂಬೆಹಣ್ಣು ಇಟ್ಟರು, ಕಾಯಿ ಒಡೆದದ್ದೂ ಆಯಿತು. ಇನ್ನು ಕೀಲಿ ತಿರುಗಿಸುವುದಷ್ಟೇ ಎಂದು ಹುಡುಗರ ಕುಣಿತ. ಆದರೆ ಪೆಟ್ಟಿಗೆಯಿಂದ ಇಳಿದ ಗಾಡಿ ಓಡಲು ಸಿದ್ಧವಾದ ಗಾಡಿಯಲ್ಲ. ಸ್ಕೂಟರನ್ನಾದರೆ ಅಂಗಡಿಯವರೇ ಸಜ್ಜುಗೊಳಿಸಿ ಕೈಗೆ ಕೊಡುತ್ತಾರೆ. ಇದರ ಆಸನ, ಸ್ಟಿಯರಿಂಗ್ ಚಕ್ರ, ಬ್ಯಾಟರಿಯ ತಂತಿ ಜೋಡಿಸುವ ಕೆಲಸ ಎಷ್ಟೋ ಸಲ ಕೊಂಡವರ ಪಾಲಿಗೇ ಬರುತ್ತದೆ. ಬ್ಯಾಟರಿಗೆ ಕೆಂಪು ತಂತಿ ಮೊದಲು, ಕರಿಯದು ಆಮೇಲೆ. ಬಿಚ್ಚುವಾಗ ಕರಿಯದೇ ಮೊದಲು. ಇದು ತಿಳಿದಿದ್ದರೆ ಪಾನಾ ತಗುಲಿ ಕಿಡಿ ಹಾರುವ ಪ್ರಸಂಗ ಬಾರದು.

ಎಲ್ಲಕ್ಕಿಂತ ಮೊದಲು ಎಂಜಿನ್ ಆಯಿಲ್ ನೋಡಬೇಕು. ದಾರಿಯಲ್ಲಿ ಚೆಲ್ಲಬಾರದೆಂದು ಕೆಲವು ಗಾಡಿಗಳನ್ನು ಆಯಿಲ್ ಇಲ್ಲದೆಯೇ ಕಳಿಸುತ್ತಾರೆ. ಒಣ ಎಂಜಿನ್ ತಿರುಗಿದರೆ ಕೆಲವೇ ನಿಮಿಷಗಳಲ್ಲಿ ಪಿಸ್ಟನ್ ಹಿಡಿದುಕೊಂಡು, ಕೂಡಿಸಿದ ವಂತಿಗೆಯೆಲ್ಲ ಮಣ್ಣುಪಾಲು! ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಅಳತೆಯ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಇಳಿಸಿ ತೆಗೆದು ನೋಡಬೇಕು. ಒಂದೇ ಸಿಲಿಂಡರಿನ ಎಂಜಿನ್ನು ಸಾಮಾನ್ಯವಾಗಿ ಒಂದೂವರೆ ಲೀಟರಿನ ಆಸುಪಾಸು ಹಿಡಿಯುತ್ತದೆ. ಸ್ವಲ್ಪ ಸ್ವಲ್ಪವೇ ಸುರಿಯಬೇಕು, ಏಕೆಂದರೆ ಮೇಲಿನ ಗೆರೆ ದಾಟಿದರೂ ಕೆಡುಕೇ.

ಪೆಟ್ರೋಲಿನ ಮಾತನ್ನು ವಾಚಕರು ತುಸು ನಿಧಾನಿಸಿ ಓದಬೇಕು. 2023ರಿಂದ ನಮ್ಮ ದೇಶದ ಪಂಪುಗಳಲ್ಲಿ ಶೇಕಡಾ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್ ಬರತೊಡಗಿ, 2025ರ ಹೊತ್ತಿಗೆ ಅದೇ ಸಾಮಾನ್ಯವಾಯಿತು. ಆದರೆ ಇಂಥ ಗಾಡಿಗಳ ಎಷ್ಟೋ ಎಂಜಿನ್ನುಗಳ ಕೈಪಿಡಿಯಲ್ಲಿ ಎಥೆನಾಲ್ ಶೇಕಡಾ 10 ಮೀರಬಾರದೆಂದು ಬರೆದಿರುತ್ತದೆ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ಒಗ್ಗದ ರಬ್ಬರಿನ ಕೊಳವೆಗಳನ್ನು, ಕಾರ್ಬೊರೇಟರನ್ನು ಕೆಡಿಸುತ್ತದೆ. ಆದಕಾರಣ ಇಲ್ಲಿಯ ಪೆಟ್ರೋಲನ್ನು ಈ ಎಂಜಿನ್ನು ತಾಳುತ್ತದೆಯೇ ಎಂಬುದನ್ನು ಮಾರಿದವರಿಂದ ಬರೆಸಿಕೊಳ್ಳುವುದು ಲೇಸು. ಬಾಯಿಮಾತಿನ ಬೆಲೆ ಏನೆಂಬುದನ್ನು ಕಚೇರಿಯಲ್ಲಿ ಕಡತ ಹೊರುವ ನಮಗೆ ಯಾರೂ ಕಲಿಸಬೇಕಾಗಿಲ್ಲ. ಮಳೆಗಾಲ ಕಳೆದು ಗಾಡಿ ಮೂಲೆ ಸೇರುವಾಗ ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲ್ ಉಳಿಸಲೂಬಾರದು.

ಟಾಯರಿನ ಹವೆಯದು ಇನ್ನೊಂದು ತಮಾಷೆ. ಈ ಗಾಡಿಗೆ ಬೇಕಾದುದು ಸಾಮಾನ್ಯವಾಗಿ 10ರಿಂದ 14 ಪೌಂಡು. ಪಂಕ್ಚರ್ ಅಂಗಡಿಯ ಹುಡುಗನಿಗೆ 30ರ ರೂಢಿ. ಬೇಡವೆಂದರೂ ಕೈ ಅಲ್ಲಿಗೇ ಹೋಗುತ್ತದೆ. ಎಡಬಲದ ಹವೆ ಹೆಚ್ಚುಕಡಿಮೆಯಾದರೆ ಕತ್ತಿಯ ಡೆಕ್ಕು ವಾರೆಯಾಗಿ, ಬಯಲು ಹೊಸ ಕ್ಷೌರಿಕನ ಕೈಗೆ ಸಿಕ್ಕ ತಲೆಯಂತೆ ಕಾಣುತ್ತದೆ. ಹವೆ ಸರಿಪಡಿಸಿದ ತರುವಾಯವೇ ಡೆಕ್ಕನ್ನು ಅಳೆಯಬೇಕು. ಎಡಬಲ ಸಮ, ಮುಂದಿನ ತುದಿ ಹಿಂದಿನದಕ್ಕಿಂತ ಕೊಂಚ ತಗ್ಗು, ಎಷ್ಟೆಂಬುದನ್ನು ಕೈಪಿಡಿ ಹೇಳುತ್ತದೆ. ಕೆಳಗೆ ಕೈ ಹಾಕುವ ಮುನ್ನ ಕೀಲಿ ತೆಗೆದು, ಸ್ಪಾರ್ಕ್ ಪ್ಲಗ್ಗಿನ ತಂತಿ ಕಳಚಿಟ್ಟರೆ ಬೆರಳು ಬೆರಳಾಗಿ ಉಳಿಯುತ್ತದೆ.

ಇನ್ನು ಆಸನದ ಅಡಿಯ ಸ್ವಿಚ್ಚು. ಕುಳಿತವರು ಎದ್ದೊಡನೆ ಕತ್ತಿ ನಿಲ್ಲಲಿ ಎಂದು ಅದನ್ನು ಇಟ್ಟಿರುತ್ತಾರೆ. ಗುಂಡಿ ನೆಲದಲ್ಲಿ ಗಾಡಿ ಕುಪ್ಪಳಿಸಿದಾಗ ಒಮ್ಮೊಮ್ಮೆ ಎಂಜಿನ್ನೂ ನಿಂತುಬಿಡುತ್ತದೆ. ಅದು ತ್ರಾಸವೇ ಸರಿ. ಗಾಡಿ ಜೋಡಿಸಲು ಬಂದ ಮೇಸ್ತ್ರಿ ಇದನ್ನೇ ಹೇಳಿ, "ಡೈರೆಕ್ಟ್ ಕರೂನ್ ದೇತೋ, ಸಾಹೇಬ್" ಎಂದ. ಅಂದರೆ ಸ್ವಿಚ್ಚಿನ ಎರಡು ತಂತಿಗಳನ್ನು ಸೇರಿಸಿ, ಅದು ಇದ್ದೂ ಇಲ್ಲದಂತೆ ಮಾಡಿಕೊಡುವುದು. ಐದು ನಿಮಿಷದ ಕೆಲಸ, ದುಡ್ಡೂ ಬೇಡವೆಂದ. ನಾವು ಒಪ್ಪಲಿಲ್ಲ. ಆ ಕತ್ತಿಯ ತುದಿ ಗಂಟೆಗೆ 300 ಕಿಲೋಮೀಟರಿನ ವೇಗದಲ್ಲಿ ತಿರುಗಬಲ್ಲದು. ಚೆಂಡಿನ ಹಿಂದೆ ಓಡಿಬರುವ ಮಗುವಿಗೆ ಅದು ಕಾಣುವುದಿಲ್ಲ. ಎಂಜಿನ್ನಿನ ಸದ್ದಿನಲ್ಲಿ ಓಡಿಸುವವನಿಗೆ ಮಗುವಿನ ಕೂಗು ಕೇಳುವುದಿಲ್ಲ. ಅವನು ಉರುಳಿಬಿದ್ದರೂ ಕತ್ತಿಯನ್ನು ನಿಲ್ಲಿಸುವುದು ಅದೊಂದು ಗುಂಡಿ. ತೆರವಾದ ಜಾಗದಲ್ಲಿ ಕತ್ತಿ ತಿರುಗಿಸಿ, ಕಾಲು ಕೆಳಗಿಡದೆ ಆಸನದಿಂದ ತುಸು ಮೇಲೆದ್ದು, ಕೆಲವೇ ಸೆಕೆಂಡುಗಳಲ್ಲಿ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿದೆವು. ನಿಂತಿತು. ಮೇಸ್ತ್ರಿ ನಕ್ಕು ಚಹಾ ಕುಡಿದು ಹೋದ.

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಸುತ್ತು ಹಾಕುವ ಅಕ್ಕರೆಯನ್ನೂ ಇಲ್ಲಿ ಬಿಡಬೇಕು. ಅಜ್ಜಂದಿರಿಗೆ ಇದು ಹಿಡಿಸದು, ಬಲ್ಲೆವು.

ಕೊನೆಗೆ ಬಯಲನ್ನು ಒಮ್ಮೆ ನಡೆದು ನೋಡಬೇಕು. ಬೂಟು ಹಾಕಿ, ಕೋಲು ಬಡಿಯುತ್ತ ಹೊರಟೆವು. ಕಲ್ಲು, ಕಬ್ಬಿಣದ ಸರಳಿನ ತುಂಡು, ಗಾಳಿಪಟದ ದಾರ ಸಿಕ್ಕವು; ಪೂಜೆಯ ಕಾಯಿಯ ಕರಟದ ಚೂರುಗಳೂ ಸಿಕ್ಕವು. ಕತ್ತಿಗೆ ಸಿಕ್ಕ ಕರಟ ಗುಂಡಿನಂತೆ ಸಿಡಿಯುತ್ತದೆ. ಹಳ್ಳದ ಕಡೆಯ ಇಳಿಜಾರಿನಲ್ಲಿ ಈ ಗಾಡಿಯನ್ನು ಮೇಲೆ ಕೆಳಗೆ ಓಡಿಸಬೇಕೇ ಹೊರತು ಅಡ್ಡಲಾಗಿ ಅಲ್ಲ, ಮಗುಚುತ್ತದೆ. 15 ಡಿಗ್ರಿಗಿಂತ ಕಡಿದಾದ ದಂಡೆಯನ್ನು ಮಾಳಿಯ ಹಳೆಯ ಯಂತ್ರಕ್ಕೇ ಬಿಟ್ಟಿದ್ದೇವೆ.

ಮೊದಲ ಕೊಯ್ಲಿಗೆ ಕತ್ತಿಯನ್ನು ಎತ್ತರದಲ್ಲಿಟ್ಟು, ಹುಲ್ಲು ಒಣಗಿದ ಮಧ್ಯಾಹ್ನ ನಿಧಾನವಾಗಿ ಓಡಿಸಿದ್ದಾಯಿತು. ಹೊಸ ಎಂಜಿನ್ನಿನ ಮೊದಲ ಆಯಿಲನ್ನು ಬೇಗನೆ ಬದಲಿಸಬೇಕು. ಹಲವು ಎಂಜಿನ್ನುಗಳಿಗೆ 5 ಗಂಟೆಗೇ ಎನ್ನುತ್ತಾರೆ. ಲೆಕ್ಕಕ್ಕೆಂದು ಕೀಲಿಯ ಜೊತೆಗೆ ಒಂದು ನೋಟುಬುಕ್ಕು ತೂಗುಹಾಕಿದ್ದೇವೆ. ಮೊದಲ ಪುಟದಲ್ಲಿ ಈಗ ಎರಡೂಕಾಲು ಗಂಟೆ ಬರೆದಿದೆ.