ವೈದ್ಯರ ಮನೆಯವರಿಗೇ ಕಾಯಿಲೆ ಬಂದಾಗ: ಕಾಗದ ಬರೆದು ಸಲಹೆ ಕೇಳಿದ ಕಾಲ

ಊರಿಗೆಲ್ಲ ಮದ್ದು ಕೊಡುವ ಡಾಕ್ಟರ ಮನೆಯಲ್ಲೇ ಯಾರಾದರೂ ಮಲಗಿದರೆ ಅವರು ಏನು ಮಾಡುತ್ತಾರೆ? ತಾವೇ ಚೀಟಿ ಬರೆಯುತ್ತಾರೆಂದು ನಾವು ತಿಳಿದಿರುತ್ತೇವೆ. ಸಣ್ಣ ಶೀತ, ಜ್ವರಕ್ಕೆ ಹಾಗೆ ಮಾಡುವುದೂ ಉಂಟು. ಆದರೆ ಕಾಯಿಲೆ ಗಂಭೀರವಾದರೆ ತಿಳಿದ ವೈದ್ಯರು ಇನ್ನೊಬ್ಬ ವೈದ್ಯರನ್ನು ಕೇಳುತ್ತಾರೆ. ಈ ಪದ್ಧತಿ ಇಂದು ನಿನ್ನೆಯದಲ್ಲ. ಫೋನು, ರೈಲು ಇಲ್ಲದ 18ನೇ ಶತಮಾನದ ಯುರೋಪಿನಲ್ಲಿ ಇದು ಕಾಗದದ ಮೂಲಕ ನಡೆಯುತ್ತಿತ್ತು. ಆ ಕಾಗದಗಳಲ್ಲಿ ಏನಿರುತ್ತಿತ್ತು, ಅದರಿಂದ ಪ್ರಯೋಜನ ಆಗುತ್ತಿತ್ತೇ, ಆಸ್ಪತ್ರೆಗಾಗಿ ರಾಜ್ಯದ ಗಡಿ ದಾಟುವ ನಮ್ಮಂಥವರಿಗೆ ಅದರಲ್ಲಿ ಕಲಿಯುವುದು ಏನಿದೆ ಎಂಬುದನ್ನು ನೋಡೋಣ.

ರೋಗಿಯನ್ನು ನೋಡದೆ ಚಿಕಿತ್ಸೆ ಹೇಗೆ?

ರೋಗಿಯನ್ನು ಕಣ್ಣಾರೆ ನೋಡದೆ ಮದ್ದು ಹೇಳುವುದು ಇಂದು ನಮಗೆ ವಿಚಿತ್ರವಾಗಿ ಕಾಣುತ್ತದೆ. ಆದರೆ ಅಂದಿನ ವೈದ್ಯರ ಕೈಯಲ್ಲಿ ಏನಿತ್ತೆಂದು ನೋಡಿದರೆ ಇದು ಅರ್ಥವಾಗುತ್ತದೆ. ಫ್ರಾನ್ಸಿನ ಲೆನೆಕ್ ಸ್ಟೆತಾಸ್ಕೋಪನ್ನು ಕಂಡುಹಿಡಿದದ್ದು 1816ರಲ್ಲಿ. ಇಂದು ಎಲ್ಲರ ಮನೆಯಲ್ಲಿರುವ ಗಿಡ್ಡ ಥರ್ಮಾಮೀಟರು ಬಂದದ್ದು 1860ರ ದಶಕದಲ್ಲಿ. ಎಕ್ಸ್-ರೇ ಗೊತ್ತಾದದ್ದು 1895ರಲ್ಲಿ. ರಕ್ತ ಪರೀಕ್ಷೆಯ ಪ್ರಯೋಗಾಲಯ ಇರಲೇ ಇಲ್ಲ. ವೈದ್ಯರು ನಾಡಿ ಹಿಡಿಯುತ್ತಿದ್ದರು, ನಾಲಗೆ ನೋಡುತ್ತಿದ್ದರು. ಉಳಿದದ್ದೆಲ್ಲ ರೋಗಿ ಹೇಳುವ ಕಥೆಯೇ. ನೋವು ಎಲ್ಲಿ, ಯಾವಾಗಿನಿಂದ, ಊಟ ಸೇರುತ್ತದೆಯೇ, ನಿದ್ದೆ ಬರುತ್ತದೆಯೇ, ಮಲಮೂತ್ರ ಹೇಗೆ ಎಂಬ ವಿವರಗಳೇ ರೋಗನಿರ್ಣಯಕ್ಕೆ ಆಧಾರ. ಬಾಯಲ್ಲಿ ಹೇಳುವುದನ್ನು ಕಾಗದದಲ್ಲಿ ಬರೆದರೆ ದೊಡ್ಡ ನಷ್ಟವೇನೂ ಆಗುವುದಿಲ್ಲ ಎಂಬುದು ಅಂದಿನವರ ಲೆಕ್ಕಾಚಾರ.

ಹೀಗಾಗಿ ದೊಡ್ಡ ಹೆಸರಿನ ವೈದ್ಯರಿಗೆ ನೂರಾರು ಮೈಲಿ ದೂರದಿಂದ ಕಾಗದ ಬರುತ್ತಿತ್ತು. ಸ್ವಿಟ್ಜರ್ಲೆಂಡಿನ ಲೊಸಾನ್ ಪಟ್ಟಣದ ಡಾ. ತಿಸೋ, ಹಾಲೆಂಡಿನ ಲೈಡನ್ನಿನ ಡಾ. ಬೂರ್ಹಾವ, ಲಂಡನ್ನಿನ ಡಾ. ಹಾನ್ಸ್ ಸ್ಲೋನ್ ಇಂಥವರಲ್ಲಿ ಪ್ರಸಿದ್ಧರು. ಆದರೆ ತನ್ನ ಕಾಗದಗಳನ್ನು ಅಚ್ಚುಕಟ್ಟಾಗಿ ಉಳಿಸಿ ಹೋದವರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರ್ಗಿನ ಡಾ. ವಿಲಿಯಂ ಕಲೆನ್ ಹೆಸರು ಮುಂದೆ ನಿಲ್ಲುತ್ತದೆ.

ಡಾ. ಕಲೆನ್ ಅವರ ಕಾಗದದ ಕಟ್ಟು

ಕಲೆನ್ ಹುಟ್ಟಿದ್ದು 1710ರಲ್ಲಿ, ತೀರಿಕೊಂಡದ್ದು 1790ರಲ್ಲಿ. ಮೊದಲು ಗ್ಲಾಸ್ಗೋದಲ್ಲಿ, 1755ರ ನಂತರ ಎಡಿನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಈಥರನ್ನು ಆವಿಯಾಗಿಸಿ ಕೃತಕವಾಗಿ ತಂಪು ಉಂಟುಮಾಡುವ ಪ್ರಯೋಗವನ್ನು ತೋರಿಸಿದವರೂ ಇವರೇ. ಇಂದಿನ ಫ್ರಿಜ್ಜಿನ ಮೂಲ ತತ್ವ ಅದು. ಇವರ ಔಷಧ ಗ್ರಂಥವನ್ನು 1790ರಲ್ಲಿ ಜರ್ಮನ್ ಭಾಷೆಗೆ ಅನುವಾದ ಮಾಡುತ್ತಿದ್ದಾಗ, ಸಿಂಕೋನಾ ತೊಗಟೆಯ ಬಗ್ಗೆ ಇವರು ಬರೆದದ್ದನ್ನು ಒಪ್ಪದೆ ಸ್ವತಃ ತಿಂದು ನೋಡಿದವರು ಹಾನೆಮನ್. ಹೋಮಿಯೋಪತಿ ಶುರುವಾದದ್ದು ಅಲ್ಲಿಂದ.

ಕಲೆನ್ ಅವರಿಗೆ ಬಂದ ಕಾಗದಗಳೂ ಅವರು ಕೊಟ್ಟ ಉತ್ತರಗಳ ಪ್ರತಿಗಳೂ ಸಾವಿರಾರು ಸಂಖ್ಯೆಯಲ್ಲಿ ಎಡಿನ್‌ಬರ್ಗಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ಸಂಸ್ಥೆಯಲ್ಲಿ ಉಳಿದಿವೆ. ಗ್ಲಾಸ್ಗೋ ವಿಶ್ವವಿದ್ಯಾಲಯದವರು ಇವನ್ನು ಇಂಟರ್ನೆಟ್ಟಿಗೂ ಹಾಕಿದ್ದಾರೆ. ಮೊದಮೊದಲು ಉತ್ತರಗಳನ್ನು ಗುಮಾಸ್ತರು ಕೈಯಲ್ಲಿ ನಕಲು ಮಾಡುತ್ತಿದ್ದರು. ಉಗಿಯಂತ್ರ ಸುಧಾರಿಸಿದ ಜೇಮ್ಸ್ ವಾಟ್ 1780ರಲ್ಲಿ ಕಾಗದದ ನಕಲು ತೆಗೆಯುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಕಲೆನ್ ಮರುವರ್ಷವೇ ಅದನ್ನು ಬಳಸತೊಡಗಿದರು. ಯಾರಿಗೆ ಯಾವ ಮದ್ದು ಹೇಳಿದ್ದೆ ಎಂಬುದು ಮುಂದಿನ ಕಾಗದ ಬಂದಾಗ ತಿಳಿಯಬೇಕಲ್ಲ! ಇಂದು ಆಸ್ಪತ್ರೆಯಲ್ಲಿ ಒಪಿ ನಂಬರು ಹಾಕಿ ಇಡುವ ಕಡತದ ಕೆಲಸವನ್ನು ಆ ನಕಲುಗಳು ಮಾಡುತ್ತಿದ್ದವು.

ಕಾಗದ ಬರೆದವರಲ್ಲಿ ರೋಗಿಗಳಿದ್ದರು, ರೋಗಿಯ ಗಂಡ, ಹೆಂಡತಿ, ತಂದೆ ಇದ್ದರು. ಹಳ್ಳಿ ಪಟ್ಟಣಗಳ ವೈದ್ಯರು ಮತ್ತು ಶಸ್ತ್ರವೈದ್ಯರೂ ದೊಡ್ಡ ಸಂಖ್ಯೆಯಲ್ಲಿದ್ದರು. ರೋಗಿಯ ವಯಸ್ಸು, ದೇಹಪ್ರಕೃತಿ, ಕೆಲಸ, ಊಟ ತಿಂಡಿ, ಹಿಂದೆ ಬಂದ ಕಾಯಿಲೆ, ಇದುವರೆಗೆ ಕೊಟ್ಟ ಮದ್ದು, ಅದರಿಂದ ಆದ ಪರಿಣಾಮ, ಇವೆಲ್ಲ ಕ್ರಮವಾಗಿ ಬರುತ್ತಿದ್ದವು. ಕಲೆನ್ ಅವರ ಉತ್ತರದಲ್ಲಿ ಮದ್ದಿನ ಜತೆಗೆ ಪಥ್ಯದ ಮಾತು ಧಾರಾಳ. ಏನು ತಿನ್ನಬೇಕು, ಏನು ಬಿಡಬೇಕು, ಎಷ್ಟು ಹೊತ್ತು ಕುದುರೆ ಸವಾರಿ ಮಾಡಬೇಕು, ಮೈ ಹೇಗೆ ಬೆಚ್ಚಗಿಡಬೇಕು ಎಂದು ಬಿಡಿಸಿ ಬರೆಯುತ್ತಿದ್ದರು. ನಮ್ಮ ಪಂಡಿತರು ಮದ್ದಿನಷ್ಟೇ ಪಥ್ಯಕ್ಕೂ ಒತ್ತು ಕೊಡುವುದನ್ನು ಕಂಡವರಿಗೆ ಇದು ಹೊಸದೇನಲ್ಲ.

ಗೆಳೆಯನಿಗಾಗಿ ಬರೆದ ಕಾಗದ

ಇಂಗ್ಲಿಷ್ ನಿಘಂಟಿನ ಕರ್ತೃ ಸ್ಯಾಮ್ಯುಯೆಲ್ ಜಾನ್ಸನ್ 1783-84ರ ಚಳಿಗಾಲದಲ್ಲಿ ಲಂಡನ್ನಿನಲ್ಲಿ ಉಬ್ಬಸ ಮತ್ತು ಮೈಯಲ್ಲಿ ನೀರು ತುಂಬುವ ಕಾಯಿಲೆಯಿಂದ ಮಲಗಿದರು. ಅವರ ಗೆಳೆಯ, ವಕೀಲ ಜೇಮ್ಸ್ ಬಾಸ್ವೆಲ್ ಆಗ ಸ್ಕಾಟ್ಲೆಂಡಿನಲ್ಲಿದ್ದರು. 1784ರ ಮಾರ್ಚ್‌ನಲ್ಲಿ ಬಾಸ್ವೆಲ್ ಎಡಿನ್‌ಬರ್ಗಿನ ಮೂವರು ದೊಡ್ಡ ವೈದ್ಯರಾದ ಕಲೆನ್, ಹೋಪ್, ಮನ್ರೋ ಇವರಿಗೆ ಜಾನ್ಸನ್ನರ ಸ್ಥಿತಿ ವಿವರಿಸಿ ಕಾಗದ ಬರೆದರು. ಮೂವರೂ ಉತ್ತರ ಕೊಟ್ಟರು. ಲಂಡನ್ನಿನಲ್ಲಿ ಹೆಬರ್ಡನ್, ಬ್ರಾಕಲ್ಸ್‌ಬಿ ಎಂಬ ಹೆಸರಾಂತ ವೈದ್ಯರು ಹತ್ತಿರದಲ್ಲೇ ಇದ್ದರೂ ಎರಡನೆಯ ಅಭಿಪ್ರಾಯ ಕೇಳುವುದರಲ್ಲಿ ಯಾರಿಗೂ ಅವಮಾನ ಅನ್ನಿಸಲಿಲ್ಲ ಎಂಬುದನ್ನು ಗಮನಿಸಬೇಕು. ಆದರೆ ಸಲಹೆ ಎಷ್ಟು ಬಂದರೂ ಅಂದಿನ ವೈದ್ಯದ ಮಿತಿಯನ್ನು ಅದು ದಾಟಲಾರದು. ಜಾನ್ಸನ್ ಅದೇ ವರ್ಷ ಡಿಸೆಂಬರ್ 13ರಂದು ತೀರಿಕೊಂಡರು.

ಗುರುವಿಗಾಗಿ ಜೆನ್ನರ್ ಬರೆದ ಕಾಗದ

ಸಿಡುಬಿನ ಲಸಿಕೆಯಿಂದ ಮುಂದೆ ಜಗತ್ಪ್ರಸಿದ್ಧರಾದ ಎಡ್ವರ್ಡ್ ಜೆನ್ನರ್ ಇಂಗ್ಲೆಂಡಿನ ಬರ್ಕ್ಲಿ ಎಂಬ ಸಣ್ಣ ಊರಿನ ವೈದ್ಯರು. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ ಅವರ ಗುರು. ಜೆನ್ನರ್ ಗುರುವಿನ ಮನೆಯಲ್ಲೇ ಇದ್ದು ಕಲಿತವರು. ಊರಿಗೆ ಬಂದ ಮೇಲೂ ಇಬ್ಬರ ನಡುವೆ ಕಾಗದ ಓಡಾಡುತ್ತಲೇ ಇತ್ತು. ರಕ್ತಸಂಬಂಧ ಇಲ್ಲದಿದ್ದರೂ ಮನೆಯವರಷ್ಟೇ ಆಪ್ತರು.

ಹಂಟರ್ ಅವರಿಗೆ ಎದೆನೋವು ಶುರುವಾಯಿತು. 1777ರಲ್ಲಿ ಸುಧಾರಿಸಿಕೊಳ್ಳಲು ಬಾತ್ ಪಟ್ಟಣಕ್ಕೆ ಬಂದಾಗ ಜೆನ್ನರ್ ಅವರನ್ನು ಕಂಡರು. ನೋಡಿದ ಕೂಡಲೇ ಅನುಮಾನ ಬಂತು. ಈ ಎದೆನೋವನ್ನು ಒಂದು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿ ವಿವರಿಸಿದವರು ಲಂಡನ್ನಿನ ಡಾ. ವಿಲಿಯಂ ಹೆಬರ್ಡನ್. ಅವರ ಬರಹ ಅಚ್ಚಾದದ್ದು 1772ರಲ್ಲಿ. ಆದರೆ ಕಾಯಿಲೆಗೆ ಕಾರಣ ಏನೆಂದು ಆಗ ತಿಳಿದಿರಲಿಲ್ಲ. ಇಂಥ ನೋವಿನಿಂದ ಸತ್ತವರೊಬ್ಬರ ಹೃದಯವನ್ನು ಜೆನ್ನರ್ ಕೊಯ್ದು ನೋಡುತ್ತಿದ್ದಾಗ ಚಾಕುವಿಗೆ ಏನೋ ಗಟ್ಟಿ, ಮರಳು ಮರಳಾದದ್ದು ತಾಗಿತು. ಹಳೆಯ ಮಾಡಿನಿಂದ ಗಾರೆ ಉದುರಿತೇ ಎಂದು ಮೇಲೆ ನೋಡಿದರಂತೆ. ಆಮೇಲೆ ತಿಳಿಯಿತು, ಹೃದಯಕ್ಕೆ ರಕ್ತ ಕೊಡುವ ನಾಳಗಳೇ ಎಲುಬಿನಂತೆ ಗಟ್ಟಿಯಾಗಿದ್ದವು.

ಗುರುವಿಗೂ ಇದೇ ಆಗಿದೆ ಎಂದು ಜೆನ್ನರ್ ಹೆದರಿದರು. ಹೆಬರ್ಡನ್ ಅವರಿಗೆಂದು ಕಾಗದ ಬರೆದರು. ಅದು 1778ರದ್ದೆಂದು ಜೆನ್ನರ್ ಅವರ ಜೀವನಚರಿತ್ರೆ ಬರೆದ ಜಾನ್ ಬ್ಯಾರನ್ ದಾಖಲಿಸಿದ್ದಾರೆ. ತಾನು ಕಂಡದ್ದನ್ನು ಹೇಳಿ, ಇದಕ್ಕೆ ದಾರಿ ಏನೆಂದು ಕೇಳಿದ ಆ ಕಾಗದದಲ್ಲಿ ಇನ್ನೊಂದು ಕಳವಳವೂ ಇತ್ತು. ಕಾರಣ ಇದೇ ಎಂದು ಹಂಟರ್ ಅವರಿಗೆ ಮನವರಿಕೆಯಾದರೆ ಗುಣವಾಗುವ ಆಸೆಯನ್ನೇ ಅವರು ಬಿಟ್ಟುಬಿಟ್ಟಾರು ಎಂಬ ಭಯ ಅದು. ವೈದ್ಯನಿಗೆ ಗೊತ್ತು, ಶಿಷ್ಯನಿಗೆ ಹೇಳಲಾಗದು. ಗುರು ಬದುಕಿರುವವರೆಗೆ ಜೆನ್ನರ್ ಈ ಸಂಶೋಧನೆಯನ್ನು ಅಚ್ಚು ಮಾಡಿಸಲಿಲ್ಲ.

1793ರ ಅಕ್ಟೋಬರ್ 16ರಂದು ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯ ಸಭೆಯಲ್ಲಿ ಮಾತಿಗೆ ಮಾತು ಬೆಳೆದು, ಹಂಟರ್ ಹೊರಗೆ ಬಂದು ಕುಸಿದು ಸತ್ತರು. ಶವಪರೀಕ್ಷೆಯಲ್ಲಿ ಹೃದಯದ ನಾಳಗಳು ಗಟ್ಟಿಯಾಗಿದ್ದದ್ದು ಕಂಡಿತು. ಜೆನ್ನರ್ ಊಹಿಸಿದ್ದು ಸರಿಯಾಗಿತ್ತು.

ತನ್ನವರಿಗೆ ತಾನೇ ಏಕೆ ಮದ್ದು ಕೊಡಬಾರದು?

ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಡಾ. ಥಾಮಸ್ ಪರ್ಸಿವಲ್ 1803ರಲ್ಲಿ ವೈದ್ಯರ ನಡವಳಿಕೆಯ ಬಗ್ಗೆ ಒಂದು ಪುಸ್ತಕ ಹೊರತಂದರು. ಹೆಂಡತಿ, ಮಕ್ಕಳು, ಹತ್ತಿರದ ನೆಂಟರು ಕಾಯಿಲೆ ಬಿದ್ದಾಗ ಆಗುವ ಆತಂಕ ವೈದ್ಯನ ವಿವೇಚನೆಯನ್ನು ಮಸುಕು ಮಾಡುತ್ತದೆ, ಅಂಜಿಕೆ ಮತ್ತು ಅನಿಶ್ಚಯ ಹುಟ್ಟಿಸುತ್ತದೆ ಎಂದು ಅದರಲ್ಲಿ ಹೇಳಿದ್ದಾರೆ. ಅಮೆರಿಕದ ವೈದ್ಯರ ಸಂಘ 1847ರಲ್ಲಿ ಸ್ಥಾಪನೆಯಾದಾಗ ರೂಪಿಸಿದ ನೀತಿಸಂಹಿತೆಯಲ್ಲೂ ಇದೇ ಮಾತು ಬಂತು. ವೈದ್ಯರ ಹೆಂಡತಿ ಮಕ್ಕಳನ್ನು ಹತ್ತಿರದ ಇತರ ವೈದ್ಯರು ಫೀಸು ತೆಗೆದುಕೊಳ್ಳದೆ ನೋಡಬೇಕು ಎಂಬ ಕ್ರಮವೂ ಅದರಲ್ಲಿತ್ತು.

ಇದರ ಅರ್ಥ ಸರಳ. ಪ್ರೀತಿ ಇದ್ದಲ್ಲಿ ಎರಡು ತಪ್ಪು ಆಗಬಹುದು. ಇರಲಾರದು ಎಂದು ದೊಡ್ಡ ಲಕ್ಷಣವನ್ನೂ ಕಡೆಗಣಿಸುವುದು ಒಂದು. ಹೆದರಿಕೊಂಡು ಬೇಡದ ಮದ್ದು, ಬೇಡದ ಪರೀಕ್ಷೆ ಮಾಡಿಸುವುದು ಇನ್ನೊಂದು. ಇದು ವೈದ್ಯರಿಗೆ ಮಾತ್ರವಲ್ಲ, ಅಮ್ಮನ ಸಕ್ಕರೆ ಕಾಯಿಲೆಗೆ ಪಕ್ಕದ ಮನೆಯವರ ಗುಳಿಗೆ ತಂದುಕೊಡುವ ನಮಗೂ ಅನ್ವಯಿಸುತ್ತದೆ.

ಕಾಗದದ ವೈದ್ಯದ ಕುಂದುಗಳು

ಹಳೆಯದೆಲ್ಲ ಚೆನ್ನಾಗಿತ್ತು ಎನ್ನುವಂತಿಲ್ಲ. ಕಾಗದ ಹೋಗಿ ಉತ್ತರ ಬರಲು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಹಿಡಿಯುತ್ತಿತ್ತು. ಅಷ್ಟರಲ್ಲಿ ಜ್ವರ ಇಳಿದಿರಬಹುದು, ಇಲ್ಲವೇ ರೋಗಿಯೇ ಇಲ್ಲವಾಗಿರಬಹುದು. ಆದ್ದರಿಂದ ಈ ಕ್ರಮ ವರ್ಷಗಟ್ಟಲೆ ಕಾಡುವ ಹೊಟ್ಟೆನೋವು, ಉಬ್ಬಸ, ಸಂದುನೋವಿನಂಥ ಕಾಯಿಲೆಗಳಿಗೇ ಹೆಚ್ಚು ಒಗ್ಗುತ್ತಿತ್ತು. ಖರ್ಚೂ ಕಡಿಮೆಯಲ್ಲ. ವೈದ್ಯರ ಫೀಸು ಗಿನಿಯ ಲೆಕ್ಕದಲ್ಲಿ. ಒಂದು ಗಿನಿ ಎಂದರೆ 21 ಶಿಲಿಂಗ್. 1840ರವರೆಗೆ ಬ್ರಿಟನ್ನಿನಲ್ಲಿ ಅಂಚೆ ವೆಚ್ಚವನ್ನು ಸಾಮಾನ್ಯವಾಗಿ ಕಾಗದ ಪಡೆದವರೇ ಕೊಡಬೇಕಿತ್ತು, ಅದೂ ದೂರ ಮತ್ತು ಹಾಳೆಗಳ ಲೆಕ್ಕದಲ್ಲಿ. ಬಡವರಿಗೆ ಇದು ದಕ್ಕುವ ಮಾತಾಗಿರಲಿಲ್ಲ. ಇನ್ನು ಚಿಕಿತ್ಸೆಯಲ್ಲಿ ರಕ್ತ ತೆಗೆಸುವುದು, ವಾಂತಿ ಮಾಡಿಸುವುದು ಇದ್ದವು. ಹಲವು ಬಾರಿ ಗುಣಕ್ಕಿಂತ ಕೇಡೇ ಹೆಚ್ಚು.

ಆದರೆ ಒಂದು ಒಳ್ಳೆಯ ಅಭ್ಯಾಸ ಅದರಿಂದ ಬೆಳೆಯಿತು. ಕಾಯಿಲೆಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ, ಏನೂ ಬಿಡದೆ, ಕ್ರಮವಾಗಿ ಹೇಳುವ ಅಭ್ಯಾಸ.

ಗಡಿನಾಡಿನ ನಮಗೆ ಇದರಿಂದ ಏನು?

ನಮ್ಮಲ್ಲಿ ಆಸ್ಪತ್ರೆ ಒಂದು ರಾಜ್ಯದಲ್ಲಿ, ಮನೆ ಇನ್ನೊಂದು ರಾಜ್ಯದಲ್ಲಿ. ಕಾಸರಗೋಡು, ಮಂಜೇಶ್ವರದವರು ಮಂಗಳೂರು, ದೇರಳಕಟ್ಟೆಗೆ ಹೋಗುತ್ತಾರೆ. ತಾಳವಾಡಿಯವರಿಗೆ ಚಾಮರಾಜನಗರ ಹತ್ತಿರ. ಅತ್ತ ವಿಜಯಪುರ ಜಿಲ್ಲೆಯ ಜನ ಸೊಲ್ಲಾಪುರಕ್ಕೆ ಹೋಗುತ್ತಾರೆ. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಕಾರಣಕ್ಕೆ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಪಟ್ಟ ಪಾಡು ಇನ್ನೂ ಮರೆತಿಲ್ಲ. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು.

ಅದೇ 2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ಫೋನು, ವಿಡಿಯೋ, ಬರಹದ ಮೂಲಕ ನೋಂದಾಯಿತ ವೈದ್ಯರು ಸಲಹೆ ಕೊಡಬಹುದೆಂದು ಅದು ಸ್ಪಷ್ಟಪಡಿಸಿತು. ಒಬ್ಬ ವೈದ್ಯರು ಇನ್ನೊಬ್ಬ ವೈದ್ಯರನ್ನು ಹೀಗೆ ಕೇಳಬಹುದು, ಆದರೆ ಚಿಕಿತ್ಸೆಯ ಹೊಣೆ ರೋಗಿಯನ್ನು ನೋಡುತ್ತಿರುವವರದ್ದೇ ಎಂದೂ ಹೇಳಿದೆ. ಸರ್ಕಾರದ ಇ-ಸಂಜೀವನಿ ವ್ಯವಸ್ಥೆಯಲ್ಲಿ ಹಳ್ಳಿಯ ಆರೋಗ್ಯ ಕೇಂದ್ರದವರು ದೂರದ ವೈದ್ಯರನ್ನು ಕೇಳುವ ಅನುಕೂಲವೂ ಇದೆ. ಕಲೆನ್ ಅವರಿಗೆ ಹಳ್ಳಿಯ ವೈದ್ಯ ಬರೆಯುತ್ತಿದ್ದ ಕಾಗದದ ಹೊಸ ರೂಪವೇ ಇದು ಎನ್ನಬಹುದು.

ಸಾಧನ ಯಾವುದಾದರೂ ಹೇಳುವ ಕಥೆ ಸರಿಯಿರಬೇಕು. ಭಾಷೆ ಬದಲಾಗುವ ನಮ್ಮ ಊರುಗಳಲ್ಲಿ ಇದು ಇನ್ನೂ ಮುಖ್ಯ. ಇಲ್ಲಿಯ ಚೀಟಿಯಲ್ಲಿ ಮಲಯಾಳವೋ ತಮಿಳೋ ಮರಾಠಿಯೋ ಇದ್ದರೆ ಅಲ್ಲಿಯವರಿಗೆ ಓದಲು ಬಾರದು. ದೊಡ್ಡ ಆಸ್ಪತ್ರೆಗೆ ಹೊರಡುವ ಮುನ್ನ ಒಂದು ಹಾಳೆಯಲ್ಲಿ ಇಷ್ಟು ಬರೆದಿಟ್ಟುಕೊಳ್ಳಿ:

1. ರೋಗಿಯ ಹೆಸರು, ವಯಸ್ಸು, ಮಾಡುವ ಕೆಲಸ.
2. ಈಗಿನ ತೊಂದರೆ ಏನು, ಯಾವ ದಿನ ಶುರುವಾಯಿತು, ಹೆಚ್ಚುತ್ತಿದೆಯೇ ಕಡಿಮೆಯಾಗುತ್ತಿದೆಯೇ.
3. ಮೊದಲಿನಿಂದ ಇರುವ ಕಾಯಿಲೆಗಳು: ಸಕ್ಕರೆ, ಬಿ.ಪಿ., ಉಬ್ಬಸ, ಆದ ಆಪರೇಷನ್.
4. ಈಗ ತಿನ್ನುತ್ತಿರುವ ಎಲ್ಲ ಗುಳಿಗೆಗಳು. ಹೆಸರು ಬರೆಯಲು ಆಗದಿದ್ದರೆ ಗುಳಿಗೆಯ ಹಾಳೆಯನ್ನೇ ಒಯ್ಯಿರಿ. ನಾಟಿ ಮದ್ದು, ಕಷಾಯವನ್ನು ಮುಚ್ಚಿಡಬೇಡಿ.
5. ಯಾವ ಮದ್ದಿನಿಂದ ಮೈ ತುರಿಸಿತು, ಯಾವುದು ಆಗಿಬರಲಿಲ್ಲ.
6. ಹಳೆಯ ರಿಪೋರ್ಟುಗಳು, ಡಿಸ್ಚಾರ್ಜ್ ಚೀಟಿ, ತಾರೀಖಿನ ಕ್ರಮದಲ್ಲಿ.

ಸಾಧ್ಯವಾದರೆ ಊರಿನ ಡಾಕ್ಟರಿಂದಲೇ ಇಂಗ್ಲಿಷಿನಲ್ಲಿ ಒಂದು ಕಾಗದ ಬರೆಸಿಕೊಳ್ಳಿ. ಕೇಳಲು ಸಂಕೋಚ ಬೇಡ. ನಿಮ್ಮನ್ನು ವರ್ಷಗಟ್ಟಲೆ ನೋಡಿದವರು ಬರೆದ ನಾಲ್ಕು ಸಾಲು ಹೊಸ ಡಾಕ್ಟರಿಗೆ ಅರ್ಧ ದಾರಿ ತೋರಿಸುತ್ತದೆ. ಇನ್ನೊಬ್ಬರ ಅಭಿಪ್ರಾಯ ಕೇಳಿದರೆ ಅವರಿಗೆ ಬೇಸರವಾದೀತೆಂದೂ ಹಿಂಜರಿಯಬೇಡಿ. ಒಂದು ಎಚ್ಚರಿಕೆ ಮಾತ್ರ ಇರಲಿ: ಎದೆನೋವು, ಮೈಯ ಒಂದು ಪಕ್ಕ ಸೋತು ಹೋಗುವುದು, ಉಸಿರು ಸಿಕ್ಕದಿರುವುದು, ಹಾವು ಕಡಿತ, ಇವಕ್ಕೆ ಕಾಗದವೂ ಬೇಡ, ಫೋನಿನಲ್ಲಿ ಮದ್ದು ಕೇಳುವುದೂ ಬೇಡ. ಹತ್ತಿರದ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಬೇಕು, ಅದು ಗಡಿಯ ಯಾವ ಕಡೆ ಇದ್ದರೂ ಸರಿ.