ಕರುಳಿನ ಕ್ಯಾನ್ಸರ್ ಮತ್ತು ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ

ನಮ್ಮ ತೆರಕಣಾಂಬಿ ಕಡೆ ಯಾರಿಗಾದ್ರೂ ದೊಡ್ಡ ಕರುಳಿನ ಕ್ಯಾನ್ಸರ್ ಅಂತ ಗೊತ್ತಾದ್ರೆ ಮನೆಯವರು ಮೈಸೂರಿಗೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಕರ್ಕೊಂಡು ಹೋಗ್ತಾರೆ. ಆಪರೇಷನ್, ಕೀಮೋ ಅಂತ ಎಲ್ಲರ ಗಮನ ಗಡ್ಡೆ ಮೇಲೆ ಇರುತ್ತೆ. ಆದರೆ ಕೆಲವು ಸಲ ಪ್ರಾಣಕ್ಕೆ ಕುತ್ತು ಬರೋದು ಅದೇ ಕರುಳಿನಲ್ಲಿರೋ ಬ್ಯಾಕ್ಟೀರಿಯಾದಿಂದ.

ನಮ್ಮೆಲ್ಲರ ಕರುಳಿನಲ್ಲೂ ಲಕ್ಷಾಂತರ ಕೋಟಿ ಬ್ಯಾಕ್ಟೀರಿಯಾ ಇವೆ. ಕರುಳಿನ ಗೋಡೆ ಗಟ್ಟಿಯಾಗಿದ್ದು, ರಕ್ತದಲ್ಲಿ ಬಿಳಿ ರಕ್ತಕಣ ಸಾಕಷ್ಟಿದ್ದರೆ ಅವು ತಮ್ಮ ಪಾಡಿಗೆ ಇರುತ್ತವೆ. ಕ್ಯಾನ್ಸರ್ ಬಂದಾಗ ಈ ಎರಡು ಕಾವಲೂ ಸಡಿಲವಾಗುತ್ತವೆ. ಗಡ್ಡೆಯಿಂದ, ಆಪರೇಷನ್‌ನಿಂದ ಗೋಡೆಗೆ ಗಾಯ ಆಗುತ್ತೆ. ಕೀಮೋ ಒಳಪದರವನ್ನು ಸವೆಸುತ್ತೆ, ಬಿಳಿ ರಕ್ತಕಣಗಳನ್ನೂ ಇಳಿಸುತ್ತೆ. ಕೀಮೋ ಆದ 7ರಿಂದ 14 ದಿನಗಳ ಹೊತ್ತಿಗೆ ಅವು ಸಾಮಾನ್ಯವಾಗಿ ತೀರಾ ಕಡಿಮೆ ಇರುತ್ತವೆ. ಆಗ ಇ. ಕೋಲೈ, ಕ್ಲೆಬ್ಸಿಯೆಲ್ಲಾ ತರದ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗಬಹುದು. ಹೊರಗೆ ಕಾಣೋದು ಬರೀ ಜ್ವರ.

ಅಂಥ ಜ್ವರಕ್ಕೆ ಆಸ್ಪತ್ರೆ ತಲುಪಿದ 1 ಗಂಟೆಯೊಳಗೆ ಆಂಟಿಬಯಾಟಿಕ್ ಶುರುವಾಗಬೇಕು. ಯಾವ ಬ್ಯಾಕ್ಟೀರಿಯಾ, ಯಾವ ಮದ್ದಿಗೆ ಸಾಯುತ್ತೆ ಅಂತ ಹೇಳೋ ಕಲ್ಚರ್ ರಿಪೋರ್ಟ್ ಬರೋಕೆ 2-3 ದಿನ ಬೇಕು. ಅಲ್ಲಿವರೆಗೆ ಡಾಕ್ಟರ್ ಅಂದಾಜಿನ ಮೇಲೆ ಮದ್ದು ಕೊಡ್ತಾರೆ. ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಿದ್ರೆ ಆ ದಿನಗಳು ಕೈತಪ್ಪಿ ಹೋದ ಹಾಗೆ.

ಈ ಬಗ್ಗದ ಗುಣ ಬರೋದು ಹೇಗೆ? ಕೆಲವು ಬ್ಯಾಕ್ಟೀರಿಯಾ ಮದ್ದಿನ ಅಣುವನ್ನೇ ಮುರಿಯೋ ಎನ್‌ಜೈಮ್ ತಯಾರಿಸುತ್ತವೆ. ಅದರ ಜೀನ್ ಹೆಚ್ಚಾಗಿ ಪ್ಲಾಸ್ಮಿಡ್ ಅನ್ನೋ ಪುಟ್ಟ ಡಿಎನ್‌ಎ ಉಂಗುರದಲ್ಲಿರುತ್ತೆ. ಎಕ್ಸಾಮ್ ಹಿಂದಿನ ರಾತ್ರಿ ಒಬ್ಬನ ಹತ್ರ ಇರೋ ಪಿಡಿಎಫ್ ಇಡೀ ಕ್ಲಾಸಿಗೆ ಫಾರ್ವರ್ಡ್ ಆಗುತ್ತಲ್ಲ, ಹಾಗೇ ಪ್ಲಾಸ್ಮಿಡ್ ಕಾಪಿಯಾಗಿ ಪಕ್ಕದ ಬ್ಯಾಕ್ಟೀರಿಯಾಕ್ಕೆ ಹೋಗುತ್ತೆ, ಬೇರೆ ಜಾತಿಯದ್ದಾದರೂ ಸರಿ. ಎನ್‌ಡಿಎಂ-1 ಜೀನ್ ಮೊದಲು ಪತ್ತೆಯಾಗಿದ್ದು, ದೆಹಲಿಯಲ್ಲಿ ಆಸ್ಪತ್ರೆ ಸೇರಿ 2008ರಲ್ಲಿ ಸ್ವೀಡನ್‌ಗೆ ಮರಳಿದ ಒಬ್ಬ ರೋಗಿಯಲ್ಲಿ. ಅವರಿಗೆ ಕ್ಯಾನ್ಸರ್ ಅಂತಲ್ಲ. ಆದರೆ ಮೂತ್ರದ ಕ್ಲೆಬ್ಸಿಯೆಲ್ಲಾದಲ್ಲೂ ಮಲದ ಇ. ಕೋಲೈಯಲ್ಲೂ ಅದೇ ಜೀನ್ ಸಿಕ್ತು. ಕೊನೆಯ ಅಸ್ತ್ರಗಳಂತಿರೋ ಮೆರೊಪೆನೆಮ್ ಗುಂಪಿನ ಮದ್ದುಗಳನ್ನೂ ಅದು ಮುರಿಯುತ್ತೆ.

ಪ್ರತಿ ಸಲ ಆಂಟಿಬಯಾಟಿಕ್ ತಗೊಂಡಾಗ ಮದ್ದಿಗೆ ಬಗ್ಗೋ ಬ್ಯಾಕ್ಟೀರಿಯಾ ಸಾಯುತ್ತವೆ, ಬಗ್ಗದವು ಆ ಜಾಗ ತುಂಬುತ್ತವೆ. ತಿಂಗಳುಗಟ್ಟಲೆ ಕರುಳಲ್ಲೇ ಉಳಿಯಬಹುದು. ನೀರು, ಊಟ, ಕೈಗಳ ಮೂಲಕ ಬೇರೆಯವರಿಗೂ ಹೋಗಬಹುದು. ಅಂದ್ರೆ ಹಾಸ್ಟೆಲ್‌ನಲ್ಲಿ ನೆಗಡಿಗೆ ಅಂತ ನಾವು ನುಂಗೋ ಮಾತ್ರೆಗೂ ಕ್ಯಾನ್ಸರ್ ವಾರ್ಡಿಗೂ ನಂಟಿದೆ. ನೆಗಡಿ ವೈರಸ್‌ನಿಂದ ಬರೋದು, ಆಂಟಿಬಯಾಟಿಕ್ ಅದಕ್ಕೆ ಏನೂ ಮಾಡಲ್ಲ. 2014ರ ಮಾರ್ಚ್‌ನಿಂದ ಸೆಫಿಕ್ಸಿಮ್ ತರದ ಮದ್ದು ಮಾರೋ ಅಂಗಡಿಯವರು ಡಾಕ್ಟರ್ ಹೆಸರು, ರೋಗಿ ಹೆಸರು ರಿಜಿಸ್ಟರ್‌ನಲ್ಲಿ ಬರೀಬೇಕು ಅನ್ನೋ ನಿಯಮವೇ ಇದೆ. ಸ್ಟ್ರಿಪ್ ಮೇಲೆ ಕೆಂಪು ಗೆರೆ ಇದ್ರೆ ಚೀಟಿ ಇಲ್ಲದೆ ಕೇಳಬೇಡಿ.

ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಕೀಮೋ ನಡೀತಿರೋರು ಇದ್ರೆ ಒಂದು ಮಾತು ತಿಳಿಸಿ. ಜ್ವರ 100.4 ಡಿಗ್ರಿ ಮುಟ್ಟಿದ್ರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಅಂತ ಕಾಯೋದು ಬೇಡ. ಬೆಂಗಳೂರಿನವರೆಗೂ ಹೋಗೋಣ ಅಂತಾನೂ ಬೇಡ. ಹತ್ತಿರದ ದೊಡ್ಡ ಆಸ್ಪತ್ರೆಗೆ ಕೀಮೋ ಫೈಲ್ ಸಮೇತ ಕೂಡಲೇ ಹೋಗಿ, ಇತ್ತೀಚೆಗೆ ಯಾವ ಆಂಟಿಬಯಾಟಿಕ್ ತಗೊಂಡಿದ್ರು ಅನ್ನೋದನ್ನೂ ಹೇಳಿ. ಡಾಕ್ಟರ್ ಅಂದಾಜು ಸರಿಹೋಗೋಕೆ ಅದು ತುಂಬಾ ಸಹಾಯ ಮಾಡುತ್ತೆ.